ಟೆಸ್ಟ್ ಲ್ಯಾಂಪಿನಿಂದ ಲ್ಯಾಪ್‌ಟಾಪ್‌ವರೆಗೆ: ಗಾಡಿ ಯಾಕೆ ನಿಂತಿತು ಅಂತ ಹುಡುಕಿದವರ ಇತಿಹಾಸ

1/9

ಫೋಟೋದಲ್ಲಿರೋ ವಸ್ತು ಏನು ಅಂತ ಮೊದಲು ಗೆಸ್ ಮಾಡಿ, ಆಮೇಲೆ ಕೆಳಗೆ ಓದಿ.

ಒಂದು ಹಳೇ ಇಂಡಿಕೇಟರ್ ಬಲ್ಬು. ಅದರ ಹೋಲ್ಡರಿನಿಂದ ಎರಡು ವೈರು. ಒಂದರ ತುದಿಗೆ ಕ್ಲಿಪ್ಪು, ಇನ್ನೊಂದರ ತುದಿಗೆ ಗೋಣಿಚೀಲ ಹೊಲಿಯೋ ದಬ್ಬಣ. ಇಷ್ಟೇ. ಇದಕ್ಕೆ ಟೆಸ್ಟ್ ಲ್ಯಾಂಪ್ ಅಂತಾರೆ. ನಾನು ಹುಟ್ಟೋಕೆ ಮುಂಚೆ ಅಪ್ಪ ಇದನ್ನ ತಾವೇ ಕೂತು ಮಾಡ್ಕೊಂಡಿದ್ದು. ನಮ್ಮ ಮನೆ ನಡೆದಿದ್ದು, ನನ್ನ ಕಾಲೇಜ್ ಫೀಸ್ ಕಟ್ಟಿದ್ದು ಬಹುಪಾಲು ಇದರಿಂದಲೇ.

ಅಪ್ಪ ಎಲೆಕ್ಟ್ರಿಷಿಯನ್. ಮನೆ ವೈರಿಂಗ್ ಅಲ್ಲ, ಗಾಡಿ ವೈರಿಂಗ್. ಅದರಲ್ಲೂ ಜೆಸಿಬಿ, ಹಿಟಾಚಿ, ರೋಲರ್, ಟಿಪ್ಪರ್. ನಮ್ಮದು ಹಿರಿಯೂರು ಕಡೆ ಹೈವೇ ಪಕ್ಕ, ಹಾಗಾಗಿ ಇಂಥ ಗಾಡಿಗಳಿಗೆ ಬರ ಇಲ್ಲ. "ಅಣ್ಣಾ, ಸೆಲ್ಫ್ ಎತ್ತುತ್ತಿಲ್ಲ" ಅಂತ ಫೋನ್ ಬಂದ್ರೆ ಊಟದ ತಟ್ಟೆ ಬಿಟ್ಟು ಎದ್ದು ಹೋಗ್ತಿದ್ರು.

ಈಗ ಈ ದಬ್ಬಣದ ಲ್ಯಾಂಪು ಶೋಕೇಸಲ್ಲಿದೆ. ಹೊಸ ಗಾಡಿಗೆ ಇದನ್ನ ಮುಟ್ಟಿಸಬಾರದು ಅಂತ ಅಪ್ಪನೇ ಎತ್ತಿಟ್ಟರು. ಯಾಕೆ ಅಂತ ನಾನು ಕೇಳಿದೆ. ಉತ್ತರ ಹುಡುಕ್ತಾ ಹೋದರೆ ನೂರು ವರ್ಷದ ಕಥೆ ಸಿಕ್ತು. ಬಿಕಾಂ ಹುಡುಗಿಗೆ ಇದೆಲ್ಲ ಯಾಕೆ ಅಂತ ಕ್ಲಾಸ್‌ಮೇಟ್ಸ್ ಈಗಾಗಲೇ ಕೇಳಾಯ್ತು. ಎಂಟನೇ ಭಾಗದವರೆಗೆ ತಾಳ್ಮೆ ಇಟ್ಕೊಳ್ಳಿ, ಅಕೌಂಟ್ಸೂ ಬರುತ್ತೆ.

2/9

ಮೊದಮೊದಲು ಈ ದೈತ್ಯ ಯಂತ್ರಗಳಲ್ಲಿ ಕರೆಂಟೇ ಇರಲಿಲ್ಲ ಅಂದ್ರೆ ನಂಬ್ತೀರಾ?

1904ರ ನವೆಂಬರ್‌ನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಟಾಕ್ಟನ್ ಹತ್ತಿರ ಬೆಂಜಮಿನ್ ಹೋಲ್ಟ್ ಅನ್ನೋರು ಚಕ್ರದ ಬದಲು ಪಟ್ಟಿಯ ಮೇಲೆ ಓಡೋ ಟ್ರ್ಯಾಕ್ಟರ್ ಪರೀಕ್ಷೆ ಮಾಡಿದ್ರು. ಅದು ಉಗಿಯಂತ್ರ. ನೀರು, ಬೆಂಕಿ, ಉಗಿ. ವೈರೇ ಇಲ್ಲದ ಮೇಲೆ ಫ್ಯೂಸ್ ಎಲ್ಲಿಂದ ಹೋಗಬೇಕು! ಆಮೇಲೆ ಬಂದ ಪೆಟ್ರೋಲ್ ಎಂಜಿನ್‌ಗಳಲ್ಲಿ ಮ್ಯಾಗ್ನೆಟೋ ಅಂತ ಒಂದು ಡಬ್ಬಿ ಇರ್ತಿತ್ತು. ಎಂಜಿನ್ ತಿರುಗಿದರೆ ತಾನೇ ಕಿಡಿ ಹುಟ್ಟಿಸುತ್ತೆ, ಬ್ಯಾಟರಿ ಬೇಡ. ಆದರೆ ಆ ಎಂಜಿನ್‌ನ ಮೊದಲು ತಿರುಗಿಸೋರು ಯಾರು? ಮನುಷ್ಯನೇ, ಹ್ಯಾಂಡಲ್ ಹಾಕಿ. ಎಂಜಿನ್ ಉಲ್ಟಾ ಒದ್ದರೆ ಕೈ ಮುರೀತು ಅಂತಲೇ ಲೆಕ್ಕ.

ಇದನ್ನ ತಪ್ಪಿಸಿದವರ ಹೆಸರು ಚಾರ್ಲ್ಸ್ ಕೆಟರಿಂಗ್. ನಮ್ಮ ಬಿಕಾಂ ಬಳಗಕ್ಕೆ ಇವರು ಹತ್ತಿರದವರು. ಯಾಕಂದ್ರೆ ಅವರು ಮೊದಲು ಕೆಲಸ ಮಾಡಿದ್ದು ಒಹಾಯೋದ ಡೇಟನ್‌ನಲ್ಲಿ, ನ್ಯಾಷನಲ್ ಕ್ಯಾಶ್ ರಿಜಿಸ್ಟರ್ ಕಂಪನಿಯಲ್ಲಿ. ಅಂಗಡಿ ಗಲ್ಲಾ ಪೆಟ್ಟಿಗೆ ಮಾಡೋ ಕಂಪನಿ! ಗಲ್ಲಾ ಮೆಷಿನ್ನಿಗೆ ಅವರು ಒಂದು ಕರೆಂಟ್ ಮೋಟಾರ್ ಮಾಡಿದ್ರು. ಆ ಮೋಟಾರ್ ದಿನವಿಡೀ ತಿರುಗಬೇಕಿಲ್ಲ, ಒಂದೇ ಕ್ಷಣ ಜೋರಾಗಿ ತಿರುಗಿ ನಿಂತರೆ ಸಾಕು. ಅಷ್ಟು ಹೊತ್ತಿಗೆ ಮೋಟಾರ್ ಸುಟ್ಟುಹೋಗಲ್ಲ, ಹಾಗಾಗಿ ಚಿಕ್ಕ ಮೋಟಾರಿನಿಂದಲೇ ದೊಡ್ಡ ತಳ್ಳು ತೆಗೀಬಹುದು. ಇದೇ ಐಡಿಯಾ 1912ರ ಮಾಡೆಲ್ ಕ್ಯಾಡಿಲ್ಯಾಕ್ ಕಾರಿಗೆ ಸೆಲ್ಫ್ ಸ್ಟಾರ್ಟರ್ ಆಗಿ ಬಂತು. ಇವತ್ತೂ ಆಪರೇಟರ್‌ಗಳಿಗೆ ಹೇಳೋ ಮಾತು ಅದೇ: ಸೆಲ್ಫ್ ಒತ್ತಿ ಹಿಡ್ಕೊಂಡೇ ಇರಬೇಡ, ಬಿಟ್ಟು ಬಿಟ್ಟು ಹೊಡಿ.

ಆದರೆ ಕಾರಿಗೆ ಬಂದಿದ್ದು ಬುಲ್ಡೋಜರ್‌ಗೆ ತಕ್ಷಣ ಬರಲಿಲ್ಲ. 1931ರಲ್ಲಿ ಕ್ಯಾಟರ್‌ಪಿಲ್ಲರ್ ಕಂಪನಿ ಡೀಸೆಲ್ ಸಿಕ್ಸ್ಟಿ ಅನ್ನೋ ಟ್ರ್ಯಾಕ್ಟರ್ ತಂದಾಗ, ದೊಡ್ಡ ಡೀಸೆಲ್ ಎಂಜಿನ್ನನ್ನ ಎಬ್ಬಿಸೋಕೆ ಪಕ್ಕದಲ್ಲೇ ಎರಡು ಸಿಲಿಂಡರಿನ ಒಂದು ಪುಟ್ಟ ಪೆಟ್ರೋಲ್ ಎಂಜಿನ್ ಕೂರಿಸಿದ್ರು. ಅದಕ್ಕೆ ಪೋನಿ ಮೋಟಾರ್ ಅಂತ ಹೆಸರು, ಅಂದ್ರೆ ಕುದುರೆಮರಿ. ಮರಿ ಎದ್ದು ದೊಡ್ಡ ಕುದುರೆಯನ್ನ ಎಬ್ಬಿಸೋದು. ಅವತ್ತಿನ ಬ್ಯಾಟರಿ, ಸೆಲ್ಫ್ ಮೇಲೆ ಅಷ್ಟು ಭರವಸೆ ಇರಲಿಲ್ಲ. ದಶಕಗಳ ಕಾಲ ಈ ಮರಿ ಉಳ್ಕೊಂತು.

ಕೊನೆಗೆ ಮರಿ ಹೋಗಿ ಸೆಲ್ಫ್ ಬಂತು. ಸೆಲ್ಫ್ ಒಂದೇ ಬರಲ್ಲ ನೋಡಿ, ಸಂಸಾರ ಸಮೇತ ಬರುತ್ತೆ. ಬ್ಯಾಟರಿ, ದಪ್ಪ ಕೇಬಲ್, ಸೊಲೆನಾಯ್ಡ್, ಕೀ ಸ್ವಿಚ್, ಬ್ಯಾಟರಿ ಚಾರ್ಜ್ ಮಾಡೋಕೆ ಡೈನಮೋ, ಡೈನಮೋ ಹದ್ದುಬಸ್ತಿನಲ್ಲಿಡೋಕೆ ಕಟೌಟು. ಅವತ್ತಿಂದ ಅಪ್ಪನಂಥವರ ಕೆಲಸ ಶುರು.

3/9

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಇದು ಇಡೀ ಸೀರೀಸ್‌ನ ಜೀವ.

ಕರೆಂಟು ಬ್ಯಾಟರಿಯಿಂದ ಹೊರಟು ಕೆಲಸ ಮಾಡಿ ವಾಪಸ್ ಬ್ಯಾಟರಿಗೆ ಬರಬೇಕು. ಹೋಗೋ ದಾರಿ ವೈರು. ಬರೋ ದಾರಿ ಬಹಳ ಕಡೆ ಗಾಡಿಯ ಕಬ್ಬಿಣದ ಮೈಯೇ, ಅದನ್ನ ಅರ್ಥ್ ಅಂತಾರೆ. ಎಷ್ಟೇ ದೊಡ್ಡ ಗಾಡಿ ಆಗಲಿ, ವೈರಿನಲ್ಲಿ ಆಗೋ ಕಾಯಿಲೆ ಮೂರೇ. ದಾರಿ ಕಡಿದುಹೋಗೋದು, ಅಂದ್ರೆ ಓಪನ್. ಅಡ್ಡದಾರಿ ಹಿಡಿಯೋದು, ಅಂದ್ರೆ ಶಾರ್ಟ್. ಮೂರನೇದು ದಾರಿ ಇದೆ ಆದರೆ ಇಕ್ಕಟ್ಟು: ತುಕ್ಕು, ಲೂಸ್ ಕಾಂಟ್ಯಾಕ್ಟ್, ಬ್ಯಾಟರಿ ಟರ್ಮಿನಲ್ ಮೇಲೆ ಕಟ್ಟೋ ಆ ಬಿಳಿ ಹಸಿರು ಪುಡಿ. ಮೊದಲಿನ ಎರಡನ್ನ ಟೆಸ್ಟ್ ಲ್ಯಾಂಪ್ ಹಿಡಿಯುತ್ತೆ. ಮೂರನೇದು ಲ್ಯಾಂಪಿಗೇ ಟೋಪಿ ಹಾಕುತ್ತೆ.

ಹೇಗೆ ಅಂದ್ರೆ, ಅರ್ಥ್ ಕೇಬಲ್ ಬೋಲ್ಟಿನ ಕೆಳಗೆ ತುಕ್ಕು ಹಿಡಿದು 0.01 ಓಮ್ ಅಡ್ಡಿ ಬಂದಿದೆ ಅಂದ್ಕೊಳ್ಳಿ. 5 ವ್ಯಾಟ್ ಬಲ್ಬು 12 ವೋಲ್ಟಿನಲ್ಲಿ ಎಳೆಯೋದು ಸುಮಾರು 0.4 ಆಂಪಿಯರ್. ಗುಣಿಸಿ: 0.004 ವೋಲ್ಟ್ ಮಾತ್ರ ನಷ್ಟ. ಬಲ್ಬು ಫಳಫಳ ಉರಿಯುತ್ತೆ. ಆದರೆ ಸೆಲ್ಫ್ ಎಳೆಯೋದು 300 ಆಂಪಿಯರ್ ಅನ್ನಿ. 300 ಇಂಟು 0.01, ಅಂದ್ರೆ 3 ವೋಲ್ಟ್ ಆ ತುಕ್ಕಿನಲ್ಲೇ ಮಾಯ. 12ರಲ್ಲಿ 3 ಅಲ್ಲೇ ಹೋದರೆ ಸೆಲ್ಫ್ "ಟಕ್" ಅಂತ ಸದ್ದು ಮಾಡಿ ಸುಮ್ಮನಾಗುತ್ತೆ. ಬಲ್ಬು ಉರೀತು, ಸೆಲ್ಫ್ ತಿರುಗಲಿಲ್ಲ ಅಂದಮೇಲೆ ಸೆಲ್ಫೇ ಹೋಗಿದೆ ಅಂತ ಬಿಚ್ಚಿ ರಿವೈಂಡಿಂಗ್‌ಗೆ ಕಳಿಸ್ತಾರೆ. ದುಡ್ಡೂ ದಂಡ, ದಿನವೂ ದಂಡ. ಒಂದು ಸ್ಯಾಂಡ್ ಪೇಪರಿನ ಕೆಲಸ ಅದು.

ಈ ಗುಣಾಕಾರ ಕೊಟ್ಟವರು ಜಾರ್ಜ್ ಓಮ್. ಹೈಸ್ಕೂಲಲ್ಲಿ ಬರೀ ಪರೀಕ್ಷೆಗೆ ಓದಿ ಮರೆತ ಹೆಸರು. ಅವರು ಜರ್ಮನಿಯ ಕೊಲೋನ್‌ನಲ್ಲಿ ಸ್ಕೂಲ್ ಮೇಷ್ಟ್ರು. ಅವರಪ್ಪ ಬೀಗ ಮಾಡೋ ಕಸುಬಿನವರು. 1827ರಲ್ಲಿ ಪುಸ್ತಕ ಬಂದಾಗ ಜರ್ಮನಿಯ ದೊಡ್ಡವರು ಮೂಗು ಮುರಿದ್ರು, ಓಮ್ ಕೆಲಸ ಬಿಟ್ಟು ವರ್ಷಗಟ್ಟಲೆ ಪರದಾಡಿದ್ರು. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲಿ ಪದಕ ಕೊಟ್ಟ ಮೇಲೇ ಸರಿಯಾದ ಮರ್ಯಾದೆ ಸಿಕ್ಕಿದ್ದು. ಬೀಗದ ಕಸುಬಿನವರ ಮಗ ಅನ್ನೋದನ್ನ ನೆನಪಿಟ್ಕೊಳ್ಳಿ, ಕಥೆ ಕೊನೆಗೆ ಬೀಗದ ಹತ್ರಾನೇ ಬಂದು ನಿಲ್ಲುತ್ತೆ.

4/9

ಹಾಗಾದ್ರೆ 3 ವೋಲ್ಟು ಎಲ್ಲಿ ಕಳೆದುಹೋಯ್ತು ಅಂತ ಕಣ್ಣಿಗೆ ಕಾಣಬೇಕಲ್ಲ? ಅದಕ್ಕೆ ಬೇಕಾಗಿದ್ದು ಮೀಟರ್.

ಡೊನಾಲ್ಡ್ ಮೆಕೇಡಿ ಅಂತ ಬ್ರಿಟಿಷ್ ಪೋಸ್ಟ್ ಆಫೀಸಿನ ಎಂಜಿನಿಯರ್. ಆಗ ಅಲ್ಲಿ ಟೆಲಿಫೋನ್ ಲೈನೂ ಪೋಸ್ಟ್ ಆಫೀಸಿನದ್ದೇ. ಲೈನ್ ರಿಪೇರಿಗೆ ಹೋಗುವಾಗ ಆಂಪಿಯರ್‌ಗೆ ಒಂದು ಡಬ್ಬಿ, ವೋಲ್ಟಿಗೆ ಒಂದು ಡಬ್ಬಿ, ಓಮ್‌ಗೆ ಇನ್ನೊಂದು ಹೊತ್ಕೊಂಡು ಓಡಾಡಿ ಅವರಿಗೆ ಸಾಕಾಗಿತ್ತು. ಮೂರನ್ನೂ ಒಂದೇ ಡಬ್ಬಿಗೆ ಹಾಕಿದ್ರು. 1923ರಲ್ಲಿ ಅದು ಮಾರುಕಟ್ಟೆಗೆ ಬಂತು. ಹೆಸರು ಎವಿಒ ಮೀಟರ್: ಆಂಪ್, ವೋಲ್ಟ್, ಓಮ್. ನಮ್ಮ ಅಂಗಡಿಗಳಲ್ಲಿ ಹಳಬರು ಇವತ್ತಿಗೂ ಯಾವುದೇ ಮೀಟರ್ ನೋಡಿದ್ರೂ "ಆವೋ ಮೀಟರ್ ತಾ" ಅಂತಾರೆ.

ಅಪ್ಪ ಮೀಟರ್ ಕೊಂಡಿದ್ದು ನಾನು ಒಂದನೇ ಕ್ಲಾಸಲ್ಲಿದ್ದಾಗ. ಅದಕ್ಕೂ ಮುಂಚೆ ಹದಿನೈದು ವರ್ಷ ದಬ್ಬಣದಲ್ಲೇ ನಡೆದಿತ್ತು. ಮೀಟರ್ ಬಂದ ಮೇಲೆ ಅವರು ಕಲಿತ ಒಂದು ಪಟ್ಟು ಹೇಳ್ತೀನಿ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬದ ಮೇಲೆ, ಇನ್ನೊಂದು ಸೆಲ್ಫಿನ ಮೈ ಮೇಲೆ. ಈಗ ಯಾರಾದ್ರೂ ಕೀ ತಿರುಗಿಸಲಿ. ದಾರಿ ಚೊಕ್ಕ ಇದ್ದರೆ ಮೀಟರ್ ಹೆಚ್ಚುಕಮ್ಮಿ ಸೊನ್ನೆ ಹತ್ರ ಇರುತ್ತೆ. ಅರ್ಧ ವೋಲ್ಟಿಗಿಂತ ಮೇಲೆ ಹೋದ್ರೆ ಬರೋ ದಾರಿ ಕೆಟ್ಟಿದೆ. ಗಾಡಿ ಕೆಲಸ ಮಾಡ್ತಿರುವಾಗಲೇ ಅಳೀಬೇಕು ಅನ್ನೋದು ಇಲ್ಲಿ ಮುಖ್ಯ. ಸುಮ್ಮನೆ ನಿಂತ ಗಾಡಿಯಲ್ಲಿ ಎಲ್ಲ ವೈರೂ ಒಳ್ಳೆಯವೇ. ಪರೀಕ್ಷೆ ಇಲ್ಲದ ದಿನ ನಾವೆಲ್ಲ ಬುದ್ಧಿವಂತರಾಗಿರ್ತೀವಲ್ಲ, ಹಾಗೆ.

5/9

ಈಗ ನಮ್ಮ ಕಡೆ ಬರೋಣ. ಮಣ್ಣು ತೋಡೋ ಹಳದಿ ಗಾಡಿಗೆಲ್ಲ ನಾವು ಜೆಸಿಬಿ ಅಂತೀವಿ, ಪಟ್ಟಿ ಮೇಲೆ ಓಡಿ ಸುತ್ತ ತಿರುಗೋದಕ್ಕೆ ಹಿಟಾಚಿ ಅಂತೀವಿ. ಎರಡೂ ಕಂಪನಿ ಹೆಸರು, ಆದರೆ ಊರಲ್ಲಿ ಅವು ಜಾತಿ ಹೆಸರಾಗಿಬಿಟ್ಟಿವೆ. ಜೆಸಿಬಿ ಅಂದ್ರೆ ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡ್. 1945ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಬಾಡಿಗೆ ಗ್ಯಾರೇಜಿನಲ್ಲಿ ಟ್ರೇಲರ್ ಮಾಡೋದ್ರಿಂದ ಶುರು ಮಾಡಿದೋರು. ಭಾರತಕ್ಕೆ ಆ ಗಾಡಿ 1979ರಲ್ಲಿ ಎಸ್ಕಾರ್ಟ್ಸ್ ಜೊತೆ ಸೇರಿ ಹರಿಯಾಣದ ಬಲ್ಲಭಗಡದಲ್ಲಿ ತಯಾರಾಗೋಕೆ ಶುರುವಾಯ್ತು. ಅದಕ್ಕೂ ಮುಂಚೆಯೇ ನಮ್ಮ ಕರ್ನಾಟಕಕ್ಕೆ ಇದರಲ್ಲಿ ದೊಡ್ಡ ಪಾತ್ರ ಇದೆ. 1964ರಲ್ಲಿ ಕೇಂದ್ರ ಸರ್ಕಾರ ಬೆಂಗಳೂರಿನಲ್ಲಿ ಭಾರತ್ ಅರ್ತ್ ಮೂವರ್ಸ್ ಸ್ಥಾಪಿಸಿತು, ಅದೇ ಬೆಮೆಲ್. ಕೆಜಿಎಫ್‌ನಲ್ಲಿ ಬುಲ್ಡೋಜರ್, ಮೈಸೂರಿನಲ್ಲಿ ಡಂಪ್ ಟ್ರಕ್. ಸಿನಿಮಾ ನೋಡಿ ಕೆಜಿಎಫ್ ಅಂದ್ರೆ ಚಿನ್ನ ಮಾತ್ರ ಅಂದ್ಕೊಂಡವರಿಗೆ ಈ ಮಾಹಿತಿ. ಧಾರವಾಡದಲ್ಲಿ ಟಾಟಾ ಹಿಟಾಚಿಯ ಕಾರ್ಖಾನೆ ಇದೆ.

ಕಾರಿನ ಎಲೆಕ್ಟ್ರಿಷಿಯನ್‌ಗೂ ಇವರಿಗೂ ಏನು ವ್ಯತ್ಯಾಸ ಅಂತ ಕೇಳಬಹುದು. ಕಾರು ರೋಡಲ್ಲಿ ಓಡುತ್ತೆ. ಇದು ಇಡೀ ದಿನ ಕಲ್ಲಿಗೆ ಡಿಕ್ಕಿ ಹೊಡೀತಾ ಇರುತ್ತೆ. ಆ ನಡುಕಕ್ಕೆ ವೈರು ಕ್ಲಾಂಪಿನೊಳಗೆ ಉಜ್ಜಿ ಉಜ್ಜಿ ಸಿಪ್ಪೆ ಕಳ್ಕೊಳ್ಳುತ್ತೆ. ಧೂಳು, ಕೆಸರು, ಹೈಡ್ರಾಲಿಕ್ ಎಣ್ಣೆ ಎಲ್ಲ ಕಪ್ಲರ್ ಒಳಗೆ ಹೋಗುತ್ತೆ. ಪ್ರೆಶರ್ ವಾಶ್ ಮಾಡುವಾಗ ನೇರ ಅದಕ್ಕೇ ನೀರು ಬಿಡ್ತಾರೆ. ಹೊಲದ ಬದಿ ನಿಲ್ಲಿಸಿದ್ರೆ ಇಲಿ. ಇನ್ನು ಬಕೆಟ್ ಸೀಳಿತು ಅಂತ ವೆಲ್ಡಿಂಗ್ ಮಾಡೋರು, ಬ್ಯಾಟರಿ ಕೇಬಲ್ ಬಿಚ್ಚದೆ, ಅರ್ಥ್ ಕ್ಲಾಂಪನ್ನ ಎಲ್ಲೋ ದೂರ ಸಿಕ್ಕಿಸಿ ಹೊಡೀತಾರೆ. ವೆಲ್ಡಿಂಗ್ ಕರೆಂಟು ಸಿಕ್ಕ ದಾರಿಯಲ್ಲೆಲ್ಲ ನುಗ್ಗಿ ಡಯೋಡ್, ಕಂಪ್ಯೂಟರ್ ಸುಟ್ಟುಬಿಡುತ್ತೆ. ನಿಮ್ಮ ಮನೇಲಿ ಗಾಡಿ ಇದ್ರೆ ಈ ಒಂದು ಮಾತು ಡ್ರೈವರ್‌ಗೆ ಹೇಳಿ ಸಾಕು. ಇನ್ನೊಂದು: ವೈರ್ ನೋಡೋಕೆ ಅಂತ ಎತ್ತಿ ನಿಲ್ಲಿಸಿದ ಬೂಮ್ ಅಡಿಗೆ ಯಾವತ್ತೂ ಹೋಗಬೇಡಿ. ಬಕೆಟ್ ನೆಲಕ್ಕೆ ಇಟ್ಟು, ಎಂಜಿನ್ ಆಫ್ ಮಾಡಿ, ಆಮೇಲೆ.

ಡೈನಮೋ ಜಾಗಕ್ಕೆ ಆಲ್ಟರ್ನೇಟರ್ ಬಂದಿದ್ದೂ ಇದೇ ಕಾಲದಲ್ಲಿ. 1960ರ ಹೊತ್ತಿಗೆ ಸಿಲಿಕಾನ್ ಡಯೋಡ್ ಅಗ್ಗವಾಗಿ, ಅಮೆರಿಕದಲ್ಲಿ ಕ್ರೈಸ್ಲರ್ ಕಾರುಗಳಿಗೆ ಮೊದಲು ಹಾಕಿದ್ರು. ಎಂಜಿನ್ ನಿಧಾನ ಓಡ್ತಿದ್ರೂ ಚಾರ್ಜ್ ಆಗುತ್ತೆ. ಅಪ್ಪ ಮಾತ್ರ ಇವತ್ತೂ ಆಲ್ಟರ್ನೇಟರ್‌ಗೆ ಡೈನಮೋ ಅಂತಲೇ ಅನ್ನೋದು.

6/9

1980ರ ದಶಕದ ಹೊತ್ತಿಗೆ ಕಾರುಗಳಲ್ಲಿ ವೈರಿನ ಕಂತೆ ವಿಪರೀತ ಆಯ್ತು. ಒಂದೊಂದು ಸ್ವಿಚ್‌ಗೂ ಒಂದೊಂದು ವೈರು, ಒಂದೊಂದು ಮೀಟರಿಗೂ ಒಂದೊಂದು. ಜರ್ಮನಿಯ ಬಾಷ್ ಕಂಪನಿ 1983ರಲ್ಲಿ ಕೆಲಸ ಶುರು ಮಾಡಿ, 1986ರ ಫೆಬ್ರವರಿಯಲ್ಲಿ ಡೆಟ್ರಾಯಿಟ್‌ನಲ್ಲಿ ನಡೆದ ಎಂಜಿನಿಯರ್‌ಗಳ ಸಮ್ಮೇಳನದಲ್ಲಿ ಒಂದು ಹೊಸ ಪದ್ಧತಿ ತೋರಿಸಿತು. ಹೆಸರು ಕ್ಯಾನ್ ಬಸ್.

ಇದನ್ನ ಮನೆಯವರ ವಾಟ್ಸಾಪ್ ಗ್ರೂಪ್ ಅಂದ್ಕೊಳ್ಳಿ. ಮೊದಲು ಅಜ್ಜಿಗೆ ಒಂದು ಫೋನು, ಚಿಕ್ಕಪ್ಪನಿಗೆ ಒಂದು ಫೋನು ಮಾಡಬೇಕಿತ್ತು. ಈಗ ಒಂದೇ ಗ್ರೂಪಿಗೆ ಮೆಸೇಜ್ ಹಾಕಿದ್ರೆ ಬೇಕಾದವರು ಓದ್ಕೊಳ್ತಾರೆ. ಎಂಜಿನ್ ಕಂಪ್ಯೂಟರ್ "ಆಯಿಲ್ ಪ್ರೆಶರ್ ಇಷ್ಟು" ಅಂತ ಹೇಳುತ್ತೆ, ಡ್ಯಾಶ್‌ಬೋರ್ಡ್ ಕೇಳಿಸ್ಕೊಳ್ಳುತ್ತೆ. ಇಬ್ಬರು ಒಟ್ಟಿಗೆ ಮಾತಾಡಿದ್ರೆ ಯಾರ ಮೆಸೇಜಿನ ನಂಬರ್ ಚಿಕ್ಕದೋ ಅವರಿಗೆ ಮೊದಲ ಅವಕಾಶ. ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಇಷ್ಟು ಶಿಸ್ತು ಇಲ್ಲ. ಎರಡೇ ವೈರು, ಒಂದಕ್ಕೊಂದು ಹೆಣೆದಿರುತ್ತೆ. ದೊಡ್ಡ ಗಾಡಿಗಳಿಗೆ 1990ರ ದಶಕದಲ್ಲಿ ಇದರ ಮೇಲೆ ಜೆ1939 ಅನ್ನೋ ಭಾಷೆ ಬಂತು. ಟ್ರಕ್ಕು, ಟ್ರ್ಯಾಕ್ಟರ್, ಹಿಟಾಚಿ ಎಲ್ಲ ಬಹುಪಾಲು ಇದೇ ಭಾಷೆ ಮಾತಾಡ್ತವೆ.

ಇಲ್ಲೇ ದಬ್ಬಣಕ್ಕೆ ನಿವೃತ್ತಿ ಆಗಿದ್ದು. ದಬ್ಬಣ ವೈರಿನ ಸಿಪ್ಪೆ ತೂತು ಮಾಡುತ್ತೆ. ಹಳೇ ಗಾಡಿಗೆ ಅದು ಲೆಕ್ಕಕ್ಕಿಲ್ಲ. ಹೊಸದರಲ್ಲಿ ಆ ತೂತಿನಿಂದ ನೀರಿಳಿದು ಸಣ್ಣ ವೈರು ಒಳಗೇ ಕೊಳೆಯುತ್ತೆ. ಅದಕ್ಕಿಂತ ಹೆಚ್ಚಾಗಿ, ಬಲ್ಬು ಎಳೆಯೋ ಆ 0.4 ಆಂಪಿಯರ್ ಇದೆಯಲ್ಲ, ಸೆಲ್ಫಿಗೆ ಅದು ಸೊಳ್ಳೆ ಕಡಿತ, ಕಂಪ್ಯೂಟರಿನ ಸೂಕ್ಷ್ಮ ಸರ್ಕ್ಯೂಟಿಗೆ ಹಾವಿನ ಕಡಿತ. ಇಪ್ಪತ್ತು ವರ್ಷ ಅನ್ನ ಕೊಟ್ಟ ಸಾಮಾನಿನಿಂದಲೇ ಗಾಡಿ ಸಾಯಬಹುದು ಅಂತ ಗೊತ್ತಾದ ದಿನ ಅಪ್ಪ ಹೆಚ್ಚು ಮಾತಾಡಲಿಲ್ಲ. ಒರೆಸಿ ಶೋಕೇಸಲ್ಲಿಟ್ಟರು.

ಆದರೆ ಹಳೇ ಓಮ್ ಮೇಷ್ಟ್ರು ಇಲ್ಲೂ ಕೈ ಬಿಟ್ಟಿಲ್ಲ. ಕ್ಯಾನ್ ಲೈನಿನ ಎರಡು ತುದಿಗೂ 120 ಓಮಿನ ಒಂದೊಂದು ರೆಸಿಸ್ಟರ್ ಇರುತ್ತೆ. ಎರಡು ಪಕ್ಕಪಕ್ಕ ಸೇರಿದ್ರೆ 60. ಬ್ಯಾಟರಿ ಕಡಿದು, ಎರಡು ವೈರಿನ ನಡುವೆ ಮೀಟರ್ ಇಟ್ಟರೆ 60 ಬರಬೇಕು. 120 ಬಂದ್ರೆ ಒಂದು ಕಡೆ ಕಡಿದಿದೆ. ಸೊನ್ನೆ ಹತ್ರ ಬಂದ್ರೆ ಎರಡು ವೈರು ಒಂದಕ್ಕೊಂದು ತಾಗಿವೆ. ಲ್ಯಾಪ್‌ಟಾಪ್ ಬೇಡ, ಕೋಡ್ ಬೇಡ. ಈ ಒಂದು ಲೆಕ್ಕ ಕಲಿತ ಮೇಲೆ ಅಪ್ಪನಿಗೆ ಧೈರ್ಯ ವಾಪಸ್ ಬಂತು.

7/9

ಇದು ನಾನೇ ಕಣ್ಣಾರೆ ನೋಡಿದ್ದು. ಗಾಡಿ ಯಾವ ಕಂಪನಿಯದ್ದು ಅಂತ ಹೇಳಲ್ಲ, ಕೇಳಲೂಬೇಡಿ.

ಬೇಸಿಗೆಯಲ್ಲಿ ಒಂದು ಕೆರೆ ಹೂಳೆತ್ತೋ ಕೆಲಸ ನಡೀತಿತ್ತು. ಟಿಪ್ಪರ್‌ಗಳು ಸಾಲಾಗಿ ನಿಂತಿವೆ, ತುಂಬೋ ಗಾಡಿ ಕೈ ಕೊಟ್ಟಿದೆ. ಸ್ಟಾರ್ಟ್ ಆಗುತ್ತೆ, ಆದ್ರೆ ರೇಸ್ ತಗೊಳ್ಳಲ್ಲ, ಒಂದೇ ಸ್ಪೀಡಲ್ಲಿ ಗೊರಗೊರ ಅಂತ ನಿಂತಿದೆ. ಭಾನುವಾರ ಆದ್ದರಿಂದ ನಾನೂ ಜೊತೆಗೆ ಹೋಗಿದ್ದೆ. ಡ್ಯಾಶ್‌ಬೋರ್ಡಲ್ಲಿ ಮೂರು ನಂಬರ್: 100, 102, 157. ಮೂರರ ಪಕ್ಕಕ್ಕೂ 4.

ಮೊದಲನೇ ನಂಬರ್ ಯಾವ ಜಾಗ ಅಂತ ಹೇಳುತ್ತೆ. 100 ಅಂದ್ರೆ ಎಂಜಿನ್ ಆಯಿಲ್ ಪ್ರೆಶರ್, 102 ಟರ್ಬೋ ಗಾಳಿಯ ಪ್ರೆಶರ್, 157 ಡೀಸೆಲ್ ರೈಲಿನ ಪ್ರೆಶರ್. ಎರಡನೇ ನಂಬರ್ ಹೇಗೆ ಕೆಟ್ಟಿದೆ ಅಂತ. 3 ಅಂದ್ರೆ ವೋಲ್ಟೇಜ್ ಇರಬೇಕಾದ್ದಕ್ಕಿಂತ ಜಾಸ್ತಿ, 4 ಅಂದ್ರೆ ಕಮ್ಮಿ ಅಥವಾ ಅರ್ಥ್‌ಗೆ ತಾಗಿದೆ, 5 ಅಂದ್ರೆ ವೈರ್ ಕಡಿದಿದೆ. ಆಯಿಲ್ ನಿಜವಾಗಿ ಕಮ್ಮಿ ಆಗಿದೆ ಅಂತ ಇದರರ್ಥ ಅಲ್ಲ. ಸೆನ್ಸರ್ ಕಳಿಸೋ ವೋಲ್ಟೇಜು ನಂಬೋ ಹಾಗಿಲ್ಲ ಅಂತ ಅಷ್ಟೇ.

ಓನರ್ ಆಗಲೇ ಮೂರು ಸೆನ್ಸರಿಗೂ ಆರ್ಡರ್ ಹಾಕೋಕೆ ಫೋನ್ ಕೈಗೆತ್ಕೊಂಡಿದ್ರು. ಅಪ್ಪ ತಡೆದ್ರು. "ಸ್ವಾಮಿ, ಒಂದೇ ಮನೇಲಿ ಮೂರು ಜನ ಒಂದೇ ಗಳಿಗೇಲಿ ಹುಷಾರು ತಪ್ಪಿದ್ರೆ ಮೊದಲು ನೀರು ನೋಡ್ಬೇಕು, ಮೂರು ಡಾಕ್ಟರ್ ಕರೆಯೋದಲ್ಲ."

ನೀರು ಅಂದ್ರೆ ಇಲ್ಲಿ 5 ವೋಲ್ಟ್. ಕಂಪ್ಯೂಟರ್ ಈ ಸೆನ್ಸರ್‌ಗಳಿಗೆ ಒಂದೇ ಲೈನಿನಿಂದ 5 ವೋಲ್ಟ್ ಕೊಡ್ತಿತ್ತು. ಆ ಲೈನ್ ಎಲ್ಲೋ ಒಂದು ಕಡೆ ಅರ್ಥ್‌ಗೆ ತಾಗಿದ್ರೆ ಮೂರೂ ಒಟ್ಟಿಗೆ ಮಲಗುತ್ತವೆ. ಅಪ್ಪ ಒಂದು ಸೆನ್ಸರಿನ ಕಪ್ಲರ್ ಬಿಚ್ಚಿ, ಹಿಂದಿನಿಂದ ಸಣ್ಣ ಪಿನ್ ಹಾಕಿ ಮೀಟರ್ ಕೊಟ್ರು. 0.2. ನನ್ನ ಕೈಗೆ ಮೀಟರ್ ಕೊಟ್ಟು "ನಂಬರ್ ಬದಲಾದ್ರೆ ಕೂಗಮ್ಮ" ಅಂದ್ರು. ಮೂರು ಸೆನ್ಸರನ್ನೂ ಒಂದೊಂದಾಗಿ ಕಳಚಿದ್ರು. ನಂಬರ್ ಏಳಲಿಲ್ಲ, ಅಂದ್ರೆ ಸೆನ್ಸರ್‌ಗಳ ತಪ್ಪಲ್ಲ, ವೈರಿನದ್ದೇ. ಆಮೇಲೆ ಶುರುವಾಯ್ತು ನಿಜವಾದ ಕೆಲಸ. ವೈರಿನ ಕಂತೆಯನ್ನ ಒಂದು ತುದಿಯಿಂದ ಗೇಣು ಗೇಣೇ ಒತ್ತುತ್ತಾ, ಅಲುಗಾಡಿಸ್ತಾ ಬಂದ್ರು. ಬಿಸಿಲಲ್ಲಿ ಮುಕ್ಕಾಲು ಗಂಟೆ. ನನಗೆ ಬೋರ್ ಆಗಿ ರೀಲ್ಸ್ ನೋಡೋಣ ಅನ್ನಿಸ್ತಿತ್ತು, ನಿಜ ಹೇಳ್ತೀನಿ. ಡೈನಮೋ ಬ್ರಾಕೆಟ್ ಹತ್ರ ಒಂದು ಕ್ಲಾಂಪ್ ಸಡಿಲಿಸಿದಾಗ ಮೀಟರ್ 0.2ರಿಂದ 5ಕ್ಕೆ ಹಾರಿತು. ನಾನು ಕೂಗಿದ ಕೂಗಿಗೆ ಟಿಪ್ಪರ್ ಡ್ರೈವರ್‌ಗಳೆಲ್ಲ ತಿರುಗಿ ನೋಡಿದ್ರು.

ಕ್ಲಾಂಪಿನ ರಬ್ಬರ್ ಹೋಗಿತ್ತು. ಕಬ್ಬಿಣದ ಅಂಚು ವೈರಿನ ಸಿಪ್ಪೆ ತಿಂದಿತ್ತು. ಒಂದು ಅಕ್ಕಿಕಾಳಿನಷ್ಟು ತಾಮ್ರ ಹೊಳೀತಿತ್ತು. ಆ ತುಂಡು ತೆಗೆದು ಬೇರೆ ವೈರ್ ಬೆಸುಗೆ ಹಾಕಿ, ಸ್ಲೀವ್ ಹಾಕಿ, ಕ್ಲಾಂಪಿಗೆ ಟ್ಯೂಬಿನ ತುಂಡು ಸುತ್ತಿದ್ರು. ಗಾಡಿ ರೇಸ್ ತಗೊಂತು.

ಕೋಡ್ ಓದಿದ ಯಂತ್ರ ಬೀದಿ ಹೆಸರು ಹೇಳಿತ್ತು ಅಷ್ಟೇ. ಮನೆ ಬಾಗಿಲು ತಟ್ಟಿದ್ದು ಅಪ್ಪನ ಕೈ.

8/9

ಈಗ ಅಕೌಂಟ್ಸ್.

ಅಪ್ಪನ ನೋಟ್‌ಬುಕ್ ಬರೆಯೋದು ಪಿಯುಸಿಯಿಂದ ನಾನೇ. ಯಾರ ಗಾಡಿ, ಏನು ಕೆಲಸ, ಎಷ್ಟು ಬಂತು, ಎಷ್ಟು ಬಾಕಿ. ಕೆರೆ ಕೆಲಸ ಆಗಿ ಒಂದು ವರ್ಷಕ್ಕೆ ಬಂದ ಇನ್ನೊಂದು ಗಾಡಿ ಅದರಲ್ಲಿ ಇದೆ, ಆ ಸಾಲಿನ ಮುಂದೆ ಹಣದ ಜಾಗ ಖಾಲಿ.

ಹಿನ್ನೆಲೆ ಹೀಗೆ. 2021ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ಟೈರ್ ಮೇಲೆ ಓಡೋ ನಿರ್ಮಾಣ ಯಂತ್ರಗಳಿಗೆ ಹೊಸ ಹೊಗೆ ನಿಯಮ ಬಂತು, ಸಿಇವಿ ಸ್ಟೇಜ್ 4 ಅಂತ. ಒಳ್ಳೇದೇ. ಆ ಕಪ್ಪು ಹೊಗೆ ಮೊದಲು ಕುಡಿಯೋದು ಆಪರೇಟರ್, ಆಮೇಲೆ ನಾವು. ಆದರೆ ಆ ನಿಯಮ ಮುಟ್ಟೋಕೆ ಡೀಸೆಲನ್ನ ಅಳೆದು ತೂಗಿ ಚಿಮ್ಮಿಸಬೇಕು, ಅದಕ್ಕೆ ಕಂಪ್ಯೂಟರ್ ಬೇಕೇ ಬೇಕು. ಇಂಜೆಕ್ಟರ್‌ಗಳು ಒಂದೇ ಅಚ್ಚಿನವಾದರೂ ಒಂದರ ಹಾಗೆ ಇನ್ನೊಂದು ಇರಲ್ಲ, ಕೂದಲೆಳೆಯಷ್ಟು ವ್ಯತ್ಯಾಸ. ಹಾಗಾಗಿ ಬಹಳ ಎಂಜಿನ್‌ಗಳಲ್ಲಿ ಪ್ರತಿ ಇಂಜೆಕ್ಟರ್ ಮೇಲೂ ಒಂದು ಕೋಡ್ ಅಚ್ಚು ಮಾಡಿರ್ತಾರೆ. ಹೊಸದು ಹಾಕಿದ್ರೆ ಆ ಕೋಡನ್ನ ಕಂಪ್ಯೂಟರಿಗೆ ಹೇಳಬೇಕು.

ಅಪ್ಪ ಆ ಗಾಡಿಯ ಕಾಯಿಲೆ ಸರಿಯಾಗೇ ಹಿಡಿದಿದ್ರು. ನಾಲ್ಕು ಇಂಜೆಕ್ಟರ್‌ನಲ್ಲಿ ಒಂದರ ಕಾಯಿಲ್ ಓಪನ್. ಮೀಟರ್ ತೋರಿಸ್ತು. ಓನರ್ ಹೊಸದು ತಂದ್ರು, ಮೆಕ್ಯಾನಿಕ್ ಕೂರಿಸಿದ್ರು. ಕೋಡ್ ಹಾಕೋಕೆ ಬೇಕಾದ ಸಾಫ್ಟ್‌ವೇರ್ ಇರೋದು ಕಂಪನಿಯ ಲ್ಯಾಪ್‌ಟಾಪಿನಲ್ಲಿ ಮಾತ್ರ. ಅವರ ಟೆಕ್ನಿಷಿಯನ್ ಬರೋಕೆ ನಾಲ್ಕು ದಿನ. ಗಾಡಿ ಬಾಡಿಗೆ ಗಂಟೆ ಲೆಕ್ಕ, ಲೋನಿನ ಕಂತು ತಿಂಗಳ ಲೆಕ್ಕ. ಗಾಡಿ ನಿಂತರೂ ಕಂತು ನಿಲ್ಲಲ್ಲ. ಟೆಕ್ನಿಷಿಯನ್ ಬಂದು ಕೇಬಲ್ ಚುಚ್ಚಿ, ಕೂತ ಜಾಗದಲ್ಲೇ ಮುಗಿಸಿ ಹೋದ್ರು. ಓನರ್ ಎರಡು ಕಡೆ ದುಡ್ಡು ಕೊಡೋ ಸ್ಥಿತಿಯಲ್ಲಿ ಇರಲಿಲ್ಲ. ಅಪ್ಪನೂ ಕೇಳಲಿಲ್ಲ. ಮುಂದಿನ ಸಲ ಅವರು ನೇರ ಕಂಪನಿಗೇ ಫೋನ್ ಮಾಡಿದ್ರು, ನಾನು ಅವರ ಜಾಗದಲ್ಲಿ ಇದ್ದಿದ್ರೂ ಹಾಗೇ ಮಾಡ್ತಿದ್ದೆ.

ನೋಟ್‌ಬುಕ್ ತಿರುವಿದ್ರೆ ಇದು ಕಣ್ಣಿಗೆ ಹೊಡೆಯುತ್ತೆ. ಮೊದಲು ತಿಂಗಳಿಗೆ ಎರಡು ಪುಟ ಸಾಲ್ತಿರಲಿಲ್ಲ. ಈಗ ಒಂದು ಪುಟ ತುಂಬೋದು ಕಷ್ಟ, ಅದರಲ್ಲೂ ಬಹುಪಾಲು ಹಳೇ ಗಾಡಿಗಳೇ. ಹಳೇ ಗಾಡಿ ಗುಜರಿಗೆ ಹೋದ ಹಾಗೆ ಒಂದೊಂದು ಹೆಸರು ನಿಂತುಹೋಗ್ತಿದೆ.

9/9

ಇದು ನಮ್ಮ ಮನೆಯ ಗೋಳು ಮಾತ್ರ ಅಂದ್ಕೊಂಡಿದ್ದೆ. ಅಲ್ಲ. ಅಮೆರಿಕದ ರೈತರು ಟ್ರ್ಯಾಕ್ಟರ್ ವಿಷಯದಲ್ಲಿ ಇದೇ ಜಗಳ ವರ್ಷಗಳಿಂದ ಆಡ್ತಿದ್ದಾರೆ. ಕೊಂಡಿದ್ದು ನಾನು, ಬೀಗದ ಕೈ ನಿನ್ನ ಹತ್ರ ಯಾಕೆ ಅಂತ. 2023ರ ಜನವರಿಯಲ್ಲಿ ಜಾನ್ ಡಿಯರ್ ಕಂಪನಿ ಅಲ್ಲಿನ ರೈತ ಒಕ್ಕೂಟದ ಜೊತೆ ಒಂದು ಒಪ್ಪಂದ ಮಾಡ್ಕೊಂತು. ಅದೇ ವರ್ಷ ಏಪ್ರಿಲ್‌ನಲ್ಲಿ ಕೊಲೊರಾಡೋ ರಾಜ್ಯ ಕೃಷಿ ಯಂತ್ರಗಳ ರಿಪೇರಿ ಹಕ್ಕಿಗೆ ಕಾನೂನನ್ನೇ ತಂತು. ನಮ್ಮಲ್ಲೂ 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಒಂದು ಸಮಿತಿ ಮಾಡಿತು, ಆ ವರ್ಷದ ಕೊನೆಗೆ ಪೋರ್ಟಲ್ ಕೂಡ ಬಂತು. ಅವರು ಮೊದಲು ಆರಿಸ್ಕೊಂಡ ಕ್ಷೇತ್ರ ನಾಲ್ಕು: ಕೃಷಿ ಉಪಕರಣ, ಮೊಬೈಲ್ ಮತ್ತು ಟ್ಯಾಬ್ಲೆಟ್, ಮನೆಬಳಕೆ ವಸ್ತು, ವಾಹನ. ಮಣ್ಣು ತೋಡೋ ಗಾಡಿಯ ಹೆಸರು ಆ ಪಟ್ಟಿಯಲ್ಲಿ ಬೇರೆಯಾಗಿ ಇಲ್ಲ.

ಕಂಪನಿಗಳ ಮಾತೂ ಪೂರ್ತಿ ಸುಳ್ಳಲ್ಲ. ಯಾರು ಬೇಕಾದ್ರೂ ಕಂಪ್ಯೂಟರ್ ಒಳಗೆ ಕೈ ಹಾಕೋ ಹಾಗಿದ್ರೆ ಪವರ್ ಜಾಸ್ತಿ ಮಾಡ್ಕೊಳ್ಳೋಕೆ ಹೊಗೆಯ ಸೆಟ್ಟಿಂಗ್ ಕೆಡಿಸೋರು ನಮ್ಮಲ್ಲಿ ಕಮ್ಮಿ ಇಲ್ಲ. ಇಪ್ಪತ್ತು ಟನ್ ಗಾಡಿಯಲ್ಲಿ ಸೇಫ್ಟಿ ಸ್ವಿಚ್ ಬೈಪಾಸ್ ಮಾಡಿದ್ರೆ ಜೀವ ಹೋಗುತ್ತೆ. ಆದರೆ ಸೆಟ್ಟಿಂಗ್ ಬದಲಿಸೋದು ಬೇರೆ, ಹಾಳಾದ ಭಾಗದ ಜಾಗಕ್ಕೆ ಒಳ್ಳೇದು ಹಾಕಿ ಅದರ ನಂಬರ್ ಹೇಳೋದು ಬೇರೆ. ಎರಡಕ್ಕೂ ಒಂದೇ ಬೀಗ ಹಾಕಿರೋದು ನನಗೆ ಸರಿ ಕಾಣಲ್ಲ.

ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಪೆನ್‌ಡ್ರೈವಲ್ಲಿ ಸಿಗುತ್ತೆ ಅಂತ ಒಬ್ಬರು ಅಪ್ಪನಿಗೆ ಹೇಳಿದ್ರು. ಅಪ್ಪ ಬೇಡ ಅಂದ್ರು. ಧರ್ಮಕ್ಕಿಂತ ಹೆಚ್ಚಾಗಿ ಭಯ, ಬೇರೆಯವರ ಗಾಡಿಯ ಕಂಪ್ಯೂಟರ್ ಸತ್ತರೆ ಕಟ್ಟಿಕೊಡೋಕೆ ನಮ್ಮ ಹತ್ರ ಏನಿದೆ. ದುಡ್ಡು ಕೊಟ್ಟು ತಗೊಳ್ಳೋ, ಹಲವು ಕಂಪನಿಯ ಗಾಡಿಗಳ ಕೋಡ್ ಓದೋ ಸ್ಕ್ಯಾನರ್‌ಗಳೂ ಇವೆ. ಎಲ್ಲ ಬೀಗ ತೆಗೆಯಲ್ಲ, ಕೆಲವು ತೆಗೆಯುತ್ತೆ. ಬೆಲೆಗೆ ಒಂದು ಒಳ್ಳೇ ಸೆಕೆಂಡ್ ಹ್ಯಾಂಡ್ ಸ್ಕೂಟರ್ ಬರುತ್ತೆ, ಪ್ರತಿ ವರ್ಷ ರಿನ್ಯೂವಲ್ ಬೇರೆ. ಕಳೆದ ವಾರ ನಾನು ಕೂತು ಕ್ಲಾಸಲ್ಲಿ ಕಲಿತ ಪೇ ಬ್ಯಾಕ್ ಪೀರಿಯಡ್ ಲೆಕ್ಕ ಹಾಕಿದೆ. ಈಗಿನ ಕೆಲಸದ ಲೆಕ್ಕದಲ್ಲಿ ಅಸಲು ಬರೋಕೆ ಎರಡೂವರೆ ವರ್ಷ. ತಿಂಗಳಿಗೆ ನಾಲ್ಕು ಹೊಸ ಗಾಡಿ ಹೆಚ್ಚು ಬಂದ್ರೆ ಹದಿನಾಲ್ಕು ತಿಂಗಳು. ಆ ನಾಲ್ಕು ಗಾಡಿ ಬರುತ್ತಾ ಅನ್ನೋದು ಲೆಕ್ಕದಲ್ಲಿ ಇಲ್ಲ.

ಅಪ್ಪ ಹಾಳೆಯನ್ನ ಎರಡು ಸಲ ನೋಡಿದ್ರು. "ಇಂಗ್ಲಿಷ್‌ನಲ್ಲಿ ಇರುತ್ತಲ್ಲಮ್ಮ ಅದು, ಪಕ್ಕದಲ್ಲಿ ಕೂತು ಓದೋಕೆ ಭಾನುವಾರ ನೀನು ಬರ್ತೀಯಾ?" ಅಂದ್ರು. ಬರ್ತೀನಿ ಅಂದಿದ್ದೀನಿ. ಹಾಗಾಗಿ ಭಾನುವಾರದ ಪ್ಲಾನ್‌ಗಳಿಗೆ ಇನ್ಮೇಲೆ ನನ್ನ ಕರೀಬೇಡಿ, ಸೆಮಿಸ್ಟರ್ ಮುಗಿಯೋವರೆಗೆ ಅಂತೂ.

ನಿಮ್ಮ ಮನೇಲಿ ಯಾರಾದ್ರೂ ಗಾಡಿ ಕೆಲಸದವರಿದ್ದು, ಇಂಥ ಸ್ಕ್ಯಾನರ್ ಉಪಯೋಗಿಸ್ತಿದ್ರೆ ಕಾಮೆಂಟಲ್ಲಿ ಹೇಳಿ. ಯಾವುದು ನಿಜವಾಗ್ಲೂ ಕೆಲಸ ಮಾಡುತ್ತೆ, ಯಾವುದು ಬರೀ ಡಬ್ಬಿ, ಅಪ್ಪನಿಗೆ ಓದಿ ಹೇಳ್ತೀನಿ.

#ಕನ್ನಡ #ಇತಿಹಾಸ #ಆಟೋಎಲೆಕ್ಟ್ರಿಷಿಯನ್ #ರಿಪೇರಿಹಕ್ಕು #ಬಿಕಾಂಹುಡುಗಿ